ಅಮೆರಿಕದ ಏರಿಳಿತ ಮತ್ತು ನಮ್ಮ ನಾಲ್ಕು ತಾಲ್ಲೂಕುಗಳು

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಅಮೆರಿಕದ ರಾಜಕೀಯದ ಬಗ್ಗೆ ಮಾತಾಡುತ್ತೇನೆ ಎಂದಾಗ ನಿಮ್ಮ ಸಮಿತಿಯ ಹಿರಿಯರೊಬ್ಬರು ನಕ್ಕರು. "ಸರ್, ನಮ್ಮ ಮಕ್ಕಳಿಗೆ ಮೈಸೂರಿನ ಹಾಸ್ಟೆಲ್ ಸೀಟು ಹೇಗೆ ಸಿಗುತ್ತದೆ ಎಂದು ಹೇಳಿ ಸಾಕು, ಅಮೆರಿಕ ಯಾಕೆ?" ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ಈ ವಿಷಯವನ್ನು ನಾನು ಆರಿಸಿಕೊಂಡದ್ದು ಯಾವುದೋ ಪುಸ್ತಕ ಓದಿ ಅಲ್ಲ, ನಮ್ಮ ಭಾಗದ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ನಿಂತಿದ್ದಾಗ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಅಲ್ಲಿ ತಮ್ಮ ಬೇಲುಗಳ ಪಕ್ಕ ನಿಂತಿದ್ದರು. ಮಗಳು ಡಿಗ್ರಿ ಮುಗಿಸಿ ಎಂ.ಕಾಂ.ಗೆ ಸೇರಬೇಕಿತ್ತು. ಆ ಬೇಲುಗಳ ದುಡ್ಡೇ ಅವಳ ಫೀಸು. ಅವರು ನನ್ನನ್ನು ಕೇಳಿದರು: "ಮೇಷ್ಟ್ರೇ, ನಿನ್ನೆ ಇದ್ದ ರೇಟು ಇವತ್ತಿಲ್ಲ. ಸೊಪ್ಪು ಅದೇ, ಗ್ರೇಡು ಅದೇ, ನಾನೂ ಅವನೇ. ರಾತ್ರಿ ಯಾರು ಬಂದು ಏನು ಮಾಡಿ ಹೋದರು?"

ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಆ ಪ್ರಶ್ನೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಇಂದು ನಿಮ್ಮ ಮುಂದೆ ಹೇಳುತ್ತಿರುವುದು ಆ ಉತ್ತರದ ಒಂದು ಭಾಗ ಎಂದುಕೊಳ್ಳಿ.

ಮೊದಲು ಆ ಸೊಪ್ಪಿನ ಹೆಸರನ್ನೇ ನೋಡಿ. ನಮ್ಮ ಬ್ಯಾರನ್‌ಗಳಲ್ಲಿ ಬೇಯುವುದು ವರ್ಜೀನಿಯಾ ತಂಬಾಕು. ವರ್ಜೀನಿಯಾ ಎಂಬುದು ಅಮೆರಿಕದ ಒಂದು ರಾಜ್ಯ. ನಾವು ಬೆಳೆಯುವ ಸೊಪ್ಪು ಹೆಚ್ಚಾಗಿ ಬೇರೆ ದೇಶಗಳಿಗೆ ಹೋಗುತ್ತದೆ, ಅದರ ಲೆಕ್ಕವೆಲ್ಲ ಡಾಲರಿನಲ್ಲಿ. ಎಂದ ಮೇಲೆ ಡಾಲರಿನ ದೇಶದಲ್ಲಿ ಯಾರು ಗೆದ್ದರು, ಏಕೆ ಗೆದ್ದರು, ಗೆದ್ದವರು ಯಾರಿಗೆ ಏನು ಮಾತು ಕೊಟ್ಟಿದ್ದರು ಎಂಬುದು ಹುಣಸೂರಿನವರಿಗೆ ಸಂಬಂಧವಿಲ್ಲದ ಸಂಗತಿ ಹೇಗಾದೀತು?

ಈಗ ಸುಮಾರು ನೂರು ವರ್ಷ ಹಿಂದಕ್ಕೆ ಹೋಗೋಣ. ಮೊದಲ ಮಹಾಯುದ್ಧ ಮುಗಿದಾಗ ಯುರೋಪು ಸಾಲಗಾರ, ಅಮೆರಿಕ ಸಾಹುಕಾರ. 1920ರ ದಶಕದಲ್ಲಿ ಅಲ್ಲಿ ದುಡ್ಡಿನ ಹೊಳೆ ಹರಿಯಿತು. ಮೋಟಾರು ಕಾರು, ರೇಡಿಯೋ, ಸಾಲದ ಮೇಲೆ ಷೇರು. ಅಮೆರಿಕದ ಬ್ಯಾಂಕುಗಳು ಜರ್ಮನಿಗೆ ಸಾಲ ಕೊಡುತ್ತಿದ್ದವು. ಜರ್ಮನಿ ಆ ದುಡ್ಡಿನಿಂದ ಬ್ರಿಟನ್ ಮತ್ತು ಫ್ರಾನ್ಸಿಗೆ ಯುದ್ಧ ಪರಿಹಾರ ಕಟ್ಟುತ್ತಿತ್ತು. ಅವು ಅದೇ ದುಡ್ಡನ್ನು ಅಮೆರಿಕದ ಸಾಲಕ್ಕೆ ಜಮೆ ಮಾಡುತ್ತಿದ್ದವು. ಒಂದೇ ನೋಟು ಮೂರು ಮನೆ ಸುತ್ತಿ ಬಂದಂತೆ. ಮೊದಲ ಮನೆಯವನು ಕೈ ಹಿಂದಕ್ಕೆ ಎಳೆದುಕೊಂಡ ದಿನ ಆಟ ನಿಲ್ಲಲೇಬೇಕು. 1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. 1933ರ ಹೊತ್ತಿಗೆ ಅಮೆರಿಕದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ.

ಇಲ್ಲಿ ರಾಜಕೀಯ ಹೇಗೆ ಕೆಲಸ ಮಾಡಿತು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹರ್ಬರ್ಟ್ ಹೂವರ್ 1928ರ ಚುನಾವಣೆಯಲ್ಲಿ ರೈತರಿಗೆ ಮಾತು ಕೊಟ್ಟಿದ್ದರು: ಹೊರಗಿನ ಸರಕಿಗೆ ಸುಂಕ ಹಾಕಿ ನಿಮ್ಮನ್ನು ಕಾಪಾಡುತ್ತೇವೆ ಎಂದು. ಮಸೂದೆ ಸಂಸತ್ತಿಗೆ ಬಂದಾಗ ಒಬ್ಬೊಬ್ಬ ಸದಸ್ಯರೂ ತಮ್ಮ ಊರಿನ ಸರಕನ್ನು ಪಟ್ಟಿಗೆ ಸೇರಿಸಿದರು. ನೀನು ನನ್ನದಕ್ಕೆ ಓಟು ಹಾಕು, ನಾನು ನಿನ್ನದಕ್ಕೆ ಹಾಕುತ್ತೇನೆ. ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಸಹಿ ಹಾಕಿ ಬೇಡವೆಂದರು. ಆದರೂ 1930ರ ಜೂನ್‌ನಲ್ಲಿ ಹೂವರ್ ಸಹಿ ಮಾಡಿದರು. ಸ್ಮೂಟ್ ಹಾಲಿ ಕಾಯಿದೆ ಎಂದು ಇದಕ್ಕೆ ಹೆಸರು. ಬೇರೆ ದೇಶಗಳೂ ತಿರುಗಿ ಸುಂಕ ಹಾಕಿದವು. 1929ರಲ್ಲಿ 500 ಕೋಟಿ ಡಾಲರ್ ದಾಟಿದ್ದ ಅಮೆರಿಕದ ರಫ್ತು 1932ಕ್ಕೆ 160 ಕೋಟಿಗೆ ಇಳಿಯಿತು. ರೈತನನ್ನು ಕಾಪಾಡಲು ಹೊರಟ ಕಾಯಿದೆ ರೈತನ ಗಿರಾಕಿಯನ್ನೇ ಓಡಿಸಿತು.

ಮೈಸೂರಿಗೆ ಇದು ತಲುಪಿದ್ದು ಹೇಗೆ? ಹೆಂಗಸರ ಕಾಲುಚೀಲದ ಮೂಲಕ! ನಗಬೇಡಿ. ಆ ಏರುಕಾಲದಲ್ಲಿ ಅಮೆರಿಕದ ಹೆಂಗಸರಿಗೆ ರೇಷ್ಮೆ ಕಾಲುಚೀಲದ ಷೋಕಿ ಹತ್ತಿತ್ತು. ಜಪಾನಿನ ಕಚ್ಚಾ ರೇಷ್ಮೆಯ ಬಹುಪಾಲು ಅಲ್ಲಿಗೇ ಹೋಗುತ್ತಿತ್ತು. 1929ರಲ್ಲಿ ಪೌಂಡಿಗೆ ಐದು ಡಾಲರ್ ಆಸುಪಾಸಿನಲ್ಲಿದ್ದ ರೇಷ್ಮೆ 1934ಕ್ಕೆ ಎರಡು ಡಾಲರಿಗಿಂತ ಕೆಳಗೆ ಬಿತ್ತು. ಅಲ್ಲಿ ಮಾರಾಟವಾಗದ ಅಗ್ಗದ ರೇಷ್ಮೆ ಭಾರತದ ಪೇಟೆಗೆ ಬಂದು ಸುರಿಯಿತು. ಟಿಪ್ಪು ಸುಲ್ತಾನರ ಕಾಲದಿಂದ ರೇಷ್ಮೆ ನಂಬಿದ ಮೈಸೂರು ಸೀಮೆಯಲ್ಲಿ ರೈತ ಹಿಪ್ಪುನೇರಳೆ ಗಿಡ ಕೀಳುವ ಸ್ಥಿತಿಗೆ ಬಂದ. ರಾಮನಗರ, ಚನ್ನಪಟ್ಟಣದ ಕಡೆ ನೂಲು ಬಿಚ್ಚುವ ಕಸುಬಿನಲ್ಲಿ ನಿಮ್ಮಲ್ಲಿ ಕೆಲವರ ನೆಂಟರಿಷ್ಟರಿದ್ದಾರೆ. ಅವರ ಅಜ್ಜಂದಿರು ವಾಲ್ ಸ್ಟ್ರೀಟ್ ಎಂಬ ಹೆಸರನ್ನು ಕೇಳಿರಲಿಕ್ಕಿಲ್ಲ. ಪೆಟ್ಟು ಮಾತ್ರ ತಿಂದರು. ದವಸದ ಬೆಲೆಯೂ ಬಿತ್ತು, ಕಂದಾಯ ಬೀಳಲಿಲ್ಲ. 1931ರ ನಂತರ ಇಡೀ ಭಾರತದಲ್ಲಿ ಮನೆಯ ಹೆಣ್ಣುಮಕ್ಕಳ ಒಡವೆ ಮಾರಾಟವಾಗಿ, ಆ ಚಿನ್ನ ಹಡಗೇರಿ ಲಂಡನ್ನಿಗೆ ಹೋಯಿತು.

ಆಗ ಮೈಸೂರಿನ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ, ಅಂದರೆ ಅಮೆರಿಕದ ಏರುಕಾಲದ ಕೊನೆಯಿಂದ ಯುದ್ಧ ಪೆಸಿಫಿಕ್ಕಿಗೆ ಹಬ್ಬುವ ವರ್ಷದವರೆಗೆ, ಅವರದೇ ಆಡಳಿತ. ನಮ್ಮ ಸಭೆಗಳಲ್ಲಿ ಅವರ ಹೆಸರು ಹೇಳಿದ ಕೂಡಲೇ ಬೃಂದಾವನ ಉದ್ಯಾನ ಎಂದು ಚಪ್ಪಾಳೆ ತಟ್ಟಿ ಮುಗಿಸಿಬಿಡುತ್ತೇವೆ. ನನಗೆ ಅದು ಸಾಲದು ಅನ್ನಿಸುತ್ತದೆ. ಕೆ.ಆರ್. ನಗರದ ಪಕ್ಕ ಹರಿದು ಹೋಗುವ ಕಾವೇರಿ ನೀರು ಕನ್ನಂಬಾಡಿ ಕಟ್ಟೆಯಲ್ಲಿ ನಿಂತಿತ್ತು. ಅದನ್ನು ಅಂದಿನ ಇರ್ವಿನ್ ನಾಲೆಯ ಮೂಲಕ ಮಂಡ್ಯದ ಬಯಲಿಗೆ ಹರಿಸಿದರು. ಬರೀ ನೀರು ಬಿಟ್ಟು ಕೈತೊಳೆದುಕೊಳ್ಳಲಿಲ್ಲ. ದವಸದ ಬೆಲೆ ಬಿದ್ದಿರುವಾಗ ನೀರಾವರಿ ರೈತ ಏನು ಬೆಳೆಯಬೇಕು? ಕಬ್ಬು. ಕಬ್ಬನ್ನು ಯಾರು ಕೊಳ್ಳಬೇಕು? 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಎದ್ದಿತು. 1936ರಲ್ಲಿ ಭದ್ರಾವತಿಯ ಕಾಗದದ ಕಾರ್ಖಾನೆ ಬಂತು. ಜಗತ್ತೆಲ್ಲ ಅಂಗಡಿ ಬಾಗಿಲು ಹಾಕುತ್ತಿದ್ದಾಗ ಇಲ್ಲಿ ಬಾಗಿಲು ತೆಗೆಯುತ್ತಿದ್ದರು.

ಒಂದು ಮಾತನ್ನು ಮುಚ್ಚಿಡಬಾರದು. ಮಂಡ್ಯದ ಸಕ್ಕರೆ ಬದುಕಿದ್ದು 1932ರಲ್ಲಿ ಭಾರತ ಸರ್ಕಾರ ಹೊರಗಿನ ಸಕ್ಕರೆಗೆ ಕೊಟ್ಟ ಸುಂಕದ ತಡೆಯಿಂದ. ಹೂವರ್ ಅವರ ಸುಂಕ ಕೆಟ್ಟದ್ದು, ನಮ್ಮ ಸುಂಕ ಒಳ್ಳೆಯದೇ ಎಂದು ನೀವು ಕೇಳಬಹುದು. ನನ್ನ ಅಭಿಪ್ರಾಯ ಇಷ್ಟು: ಎಳೆಯ ಗಿಡಕ್ಕೆ ಬೇಲಿ ಬೇಕು, ಬೆಳೆದ ಮರಕ್ಕೆ ಬೇಡ. ಒಪ್ಪದವರು ಟೀ ಸಮಯದಲ್ಲಿ ಜಗಳವಾಡಬಹುದು.

ಹೂವರ್ 1932ರಲ್ಲಿ ಸೋತರು. ರೂಸ್‌ವೆಲ್ಟ್ ಬಂದರು. ತಂಬಾಕಿನವರು ಇನ್ನು ಕಿವಿಗೊಟ್ಟು ಕೇಳಬೇಕು. 1933ರ ಅವರ ಕೃಷಿ ಕಾಯಿದೆಯ ತತ್ವ ಇಷ್ಟೇ: ಕಡಿಮೆ ಬೆಳೆಯಿರಿ, ಬೆಲೆ ಬರುತ್ತದೆ. ಮುಖ್ಯ ಬೆಳೆಗಳ ಪಟ್ಟಿಯಲ್ಲಿ ಗೋಧಿ, ಹತ್ತಿಯ ಜೊತೆ ತಂಬಾಕೂ ಸೇರಿತು. ತಂಬಾಕು ಅನ್ನವೂ ಅಲ್ಲ, ಬಟ್ಟೆಯೂ ಅಲ್ಲ. ಆದರೆ ದಕ್ಷಿಣದ ರಾಜ್ಯಗಳ ಓಟು ರೂಸ್‌ವೆಲ್ಟ್ ಪಕ್ಷಕ್ಕೆ ಆಧಾರಸ್ತಂಭ. 1936ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾಯಿದೆಯನ್ನು ತಳ್ಳಿಹಾಕಿತು. 1938ರಲ್ಲಿ ಹೊಸ ಕಾಯಿದೆ ಬಂತು, ರೈತರೇ ಓಟು ಹಾಕಿ ಕೋಟಾ ಬೇಕೋ ಬೇಡವೋ ಹೇಳಬಹುದಿತ್ತು. ಆ ವರ್ಷದ ಕೊನೆಯಲ್ಲಿ, ಮುಂದಿನ ಬೆಳೆಗೆ ಕೋಟಾ ಬೇಡ ಎಂದು ವರ್ಜೀನಿಯಾ ಸೊಪ್ಪಿನ ರೈತರು ಹೇಳಿದರು. ಯಾರಿಗೆ ತಾನೇ ಕಟ್ಟುಪಾಡು ಇಷ್ಟ? 1939ರಲ್ಲಿ ನೂರು ಕೋಟಿ ಪೌಂಡಿಗೂ ಮೀರಿ ಬೆಳೆದರು.

ಸೆಪ್ಟೆಂಬರ್‌ನಲ್ಲಿ ಹರಾಜು ನಡೆಯುತ್ತಿದ್ದಾಗ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಬ್ರಿಟನ್ನಿಗೆ ಡಾಲರ್ ಬೇಕಿದ್ದದ್ದು ವಿಮಾನ ಕೊಳ್ಳಲು, ಸಿಗರೇಟಿಗಲ್ಲ. ಬ್ರಿಟಿಷ್ ಖರೀದಿದಾರರು ಹರಾಜು ಕಟ್ಟೆಯಿಂದ ಎದ್ದು ಹೋದರು. ಅಮೆರಿಕದ ತಂಬಾಕು ಮಾರುಕಟ್ಟೆಗಳು ವಾರಗಟ್ಟಲೆ ಬಾಗಿಲು ಹಾಕಿದವು. ಸೊಪ್ಪು ಅದೇ, ಗ್ರೇಡು ಅದೇ, ರೈತನೂ ಅವನೇ. ಅಕ್ಟೋಬರ್‌ನಲ್ಲಿ ಅದೇ ರೈತರು ಕೋಟಾಕ್ಕೆ ಒಪ್ಪಿ ಓಟು ಹಾಕಿದರು, ಸರ್ಕಾರದ ಸಂಸ್ಥೆ ಬ್ರಿಟಿಷರ ಪಾಲಿನ ಸೊಪ್ಪನ್ನು ಕೊಂಡು ಇಟ್ಟುಕೊಂಡಿತು, ಹರಾಜು ಮತ್ತೆ ಶುರುವಾಯಿತು.

ಅವರ ಹಿಂದೆ ಒಂದು ಸರ್ಕಾರ ನಿಂತಿತ್ತು, ಏಕೆಂದರೆ ಅವರ ಓಟಿಗೆ ತೂಕವಿತ್ತು. ನಮ್ಮಲ್ಲಿ ತಂಬಾಕು ಮಂಡಳಿ ಬಂದದ್ದು 1976ರಲ್ಲಿ, ಕರ್ನಾಟಕದಲ್ಲಿ ಹರಾಜು ವ್ಯವಸ್ಥೆ 1984ರಲ್ಲಿ. ಬ್ಯಾರನ್ ಲೈಸೆನ್ಸು, ವರ್ಷ ವರ್ಷ ನಿಗದಿಯಾಗುವ ಬೆಳೆ ಪ್ರಮಾಣ, ಹೆಚ್ಚುವರಿ ಸೊಪ್ಪಿಗೆ ದಂಡ, ಇವೆಲ್ಲ ರೂಸ್‌ವೆಲ್ಟ್ ಕಾಲದ ಆ ತತ್ವದ ದೂರದ ಬಂಧುಗಳೇ. ವಿಚಿತ್ರವೆಂದರೆ ಅಮೆರಿಕ ತನ್ನ ತಂಬಾಕು ಕೋಟಾವನ್ನು 2004ರ ಕಾಯಿದೆಯಿಂದ ಕೈಬಿಟ್ಟಿತು, ಬಿಡುವಾಗ ಕೋಟಾ ಹೊಂದಿದವರಿಗೂ ಬೆಳೆಗಾರರಿಗೂ ಪರಿಹಾರವಾಗಿ ಸುಮಾರು ಸಾವಿರ ಕೋಟಿ ಡಾಲರ್ ಕೊಟ್ಟಿತು. ನಾಳೆ ನಮ್ಮ ರೈತ ಈ ಬೆಳೆ ಬಿಡಬೇಕಾಗಿ ಬಂದರೆ? ಈ ಪ್ರಶ್ನೆಯನ್ನು ಕೇಳುವವರು ನಮ್ಮ ನಾಲ್ಕು ತಾಲ್ಲೂಕಿನಿಂದಲೇ ಹೊರಡಬೇಕು. ಅದಕ್ಕೆ ಅಂಕಿಅಂಶ ಓದಬಲ್ಲ, ಅರ್ಜಿ ಬರೆಯಬಲ್ಲ, ದೆಹಲಿಯಲ್ಲಿ ಮಾತಾಡಬಲ್ಲ ಹುಡುಗ ಹುಡುಗಿಯರು ಬೇಕು.

ಯುದ್ಧದ ವಿಷಯ ಸ್ವಲ್ಪದರಲ್ಲಿ ಮುಗಿಸುತ್ತೇನೆ. 1941ರ ಜುಲೈಯಲ್ಲಿ ರೂಸ್‌ವೆಲ್ಟ್ ಜಪಾನಿನ ಆಸ್ತಿಯನ್ನು ತಡೆಹಿಡಿದರು, ಜಪಾನಿನ ರೇಷ್ಮೆ ವ್ಯಾಪಾರ ನಿಂತಿತು. ಆ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್. ಹತ್ತು ವರ್ಷದ ಹಿಂದೆ ಕೇಳುವವರಿಲ್ಲದ ಮೈಸೂರು ರೇಷ್ಮೆಗೆ ಈಗ ಪ್ಯಾರಾಚೂಟಿನ ಬೇಡಿಕೆ! ಬೆಂಗಳೂರಿನಲ್ಲಿ 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ, ವಿಲಿಯಂ ಪಾಲಿ ಎಂಬ ಅಮೆರಿಕನ್ನರ ತಾಂತ್ರಿಕ ನೆರವಿನಿಂದ ವಿಮಾನ ಕಾರ್ಖಾನೆ ಕಟ್ಟಿದ್ದರು. 1943ರಲ್ಲಿ ಅದು ಅಮೆರಿಕದ ವಾಯುಪಡೆಯ ಆಡಳಿತಕ್ಕೆ ಹೋಗಿ ವಿಮಾನ ದುರಸ್ತಿಯ ಕೇಂದ್ರವಾಯಿತು. ಇಂದಿನ ಎಚ್.ಎ.ಎಲ್. ಅದೇ. ಯುದ್ಧ ಮುಗಿದ ಮೇಲೆ ರೇಷ್ಮೆಯ ಬೆಲೆ ಮತ್ತೆ ಬಿತ್ತು. ಅಮೆರಿಕದಲ್ಲಿ ಹೆಂಗಸರು ಅಷ್ಟರಲ್ಲಿ ನೈಲಾನ್ ಕಾಲುಚೀಲಕ್ಕೆ ಬದಲಾಗಿದ್ದರು.

ಇಲ್ಲಿರುವ ಹಿರಿಯರಿಗೆ ಶಾಲೆಯ ಉಪ್ಪಿಟ್ಟು, ಅಮೆರಿಕದ ಹಾಲಿನ ಪುಡಿ ನೆನಪಿರಬಹುದು. ಅದರ ಹಿಂದೆಯೂ ಅಲ್ಲಿನ ರೈತನ ಓಟಿತ್ತು. ಮಿಕ್ಕ ಗೋಧಿಯನ್ನು ಹೊರದೇಶಕ್ಕೆ ಸಾಗಿಸುವ ಪಿ.ಎಲ್. 480 ಕಾಯಿದೆ 1954ರದ್ದು. 1965, 66ರ ಬರದಲ್ಲಿ ಅಮೆರಿಕದ ಗೋಧಿ ಬೆಳೆಯ ಸುಮಾರು ಐದನೇ ಒಂದು ಭಾಗ ಭಾರತಕ್ಕೆ ಬಂತು. ಅದು ಜೀವ ಉಳಿಸಿತು, ಅಲ್ಲವೆನ್ನಬಾರದು. ಆದರೆ ವಿಯೆಟ್ನಾಂ ಬಾಂಬ್ ದಾಳಿಯನ್ನು ಭಾರತ ಟೀಕಿಸಿದ್ದು ಅಧ್ಯಕ್ಷ ಜಾನ್ಸನ್ ಅವರಿಗೆ ಹಿಡಿಸಲಿಲ್ಲ. ಅವರು ಗೋಧಿಯನ್ನು ತಿಂಗಳ ಲೆಕ್ಕದಲ್ಲಿ ಅಳೆದು ಅಳೆದು ಬಿಟ್ಟರು.

ಇನ್ನು ಪಿರಿಯಾಪಟ್ಟಣದವರಿಗೆ ರಾಜತಾಂತ್ರಿಕತೆ ಎಂದರೇನೆಂದು ನಾನು ಹೇಳಬೇಕಾಗಿಲ್ಲ, ಬೈಲಕುಪ್ಪೆ ನಿಮ್ಮ ತಾಲ್ಲೂಕಿನಲ್ಲೇ ಇದೆ. 1960ರ ಹೊತ್ತಿಗೆ ಅಂದಿನ ಮೈಸೂರು ಸರ್ಕಾರ ಅಲ್ಲಿ ಸುಮಾರು 3000 ಎಕರೆ ಕಾಡು ಭೂಮಿ ಕೊಟ್ಟು ಟಿಬೆಟನ್ನರಿಗೆ ನೆಲೆ ಮಾಡಿತು. ಆ ವರ್ಷಗಳಲ್ಲಿ ಅಮೆರಿಕ ಚೀನಾದ ಮೇಲಿನ ಸಿಟ್ಟಿಗೆ ಟಿಬೆಟನ್ ಹೋರಾಟಗಾರರಿಗೆ ಗುಟ್ಟಾಗಿ ನೆರವು ಕೊಡುತ್ತಿತ್ತು. 1971ರಲ್ಲಿ ಕಿಸಿಂಜರ್ ಗುಟ್ಟಾಗಿ ಬೀಜಿಂಗಿಗೆ ಹೋದರು, 1972ರಲ್ಲಿ ನಿಕ್ಸನ್ ಬಹಿರಂಗವಾಗಿ ಹೋದರು. ಆ ನೆರವು ನಿಂತುಹೋಯಿತು. 1990ರಲ್ಲಿ ಅದೇ ಅಮೆರಿಕ ಭಾರತ ಮತ್ತು ನೇಪಾಳದಲ್ಲಿದ್ದ ಸಾವಿರ ಟಿಬೆಟನ್ನರಿಗೆ ವೀಸಾ ಕೊಡುವ ಕಾಯಿದೆ ಮಾಡಿತು. 2025ರಲ್ಲಿ ವಿದೇಶಿ ನೆರವನ್ನು ಏಕಾಏಕಿ ತಡೆಹಿಡಿದಾಗ ಟಿಬೆಟನ್ ಸಂಸ್ಥೆಗಳಿಗೂ ಬಿಸಿ ತಟ್ಟಿತು. ಅದೇ 2025ರ ಆಗಸ್ಟ್‌ನಲ್ಲಿ ಭಾರತದ ಅನೇಕ ಸರಕುಗಳ ಮೇಲೆ ಶೇ. 50ರ ಸುಂಕ ಬಿತ್ತು. 1930ರ ಕಥೆ ಓದಿದ್ದವರಿಗೆ ಆ ಸುದ್ದಿ ಅಪರಿಚಿತ ಅನ್ನಿಸಲಿಲ್ಲ.

ಆ ತಂದೆಯ ವಿಷಯಕ್ಕೆ ಬರುತ್ತೇನೆ. ಒಂದು ಭಾನುವಾರ ಅವರ ಮನೆಗೆ ಹೋಗಿ 1939ರ ಹರಾಜಿನ ಕಥೆ ಹೇಳಿದೆ. ಅವರು ಬೀಡಿ ಹಚ್ಚದೆ ಪೂರ್ತಿ ಕೇಳಿದರು. ಮಗಳು ಸಾಲ ಸೋಲ ಮಾಡಿಯೇ ಎಂ.ಕಾಂ. ಸೇರಿದ್ದಳು. ಹರಾಜಿನ ದಿನದಿನದ ಸರಾಸರಿ ಬೆಲೆಯನ್ನು ಒಂದು ನೋಟ್‌ಬುಕ್ಕಿನಲ್ಲಿ, ಪಕ್ಕದಲ್ಲೇ ಡಾಲರಿನ ಬೆಲೆಯನ್ನು ಬರೆದಿಟ್ಟಿದ್ದಳು. ಅದನ್ನು ತೋರಿಸಿ, "ಸರ್, ಎರಡೂ ಒಟ್ಟಿಗೆ ಏರದ ದಿನಗಳೂ ಇವೆ, ಅದೇಕೆ?" ಎಂದಳು. ಅವಳಿಗೆ ಓದಲು ಎರಡು ಪುಸ್ತಕ ಕೊಟ್ಟು ಬಂದೆ. ಹೊರಡುವಾಗ ತಂದೆ ಗೇಟಿನವರೆಗೆ ಬಂದರು. ಒಂದು ಎಕರೆಯಲ್ಲಿ ತಂಬಾಕು ಬಿಟ್ಟು ಶುಂಠಿ ಹಾಕಿದ್ದಾರಂತೆ. "ಶುಂಠಿ ರೇಟು ಯಾರ ಕೈಯಲ್ಲಿದೆ ಮೇಷ್ಟ್ರೇ?" ಎಂದು ಕೇಳಿದರು. ಮುಂದಿನ ಭಾನುವಾರ ಬರುತ್ತೇನೆ ಎಂದು ಹೇಳಿ ಬಸ್ ಹತ್ತಿದೆ.