ಪೊರೆಯೂ ಬೋರ್‌ವೆಲ್ ನೀರೂ



ನನ್ನ ಮುಂದಿರುವ ಲೋಟದಲ್ಲಿ ಫಿಲ್ಟರ್ ನೀರಿದೆ. ಬೋರ್‌ವೆಲ್ ನೀರನ್ನು ಹಾಗೆಯೇ ಕುಡಿಯಲು ನಮಗೆ ಅಂಜಿಕೆ. ಶಿರಾ, ಪಾವಗಡ, ಮಧುಗಿರಿ ಸೀಮೆಯ ಕಲ್ಲುಪದರದಿಂದ ಫ್ಲೋರೈಡ್ ಕರಗಿ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ; ಇನ್ನೂ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಮೂಳೆ ಬಿಗಿಯುತ್ತದೆ. ಆರ್‌ಒ ಘಟಕ ಅದನ್ನು ತೆಗೆಯುತ್ತದೆ, ನಿಜ. ಆದರೆ ಬರದ ನಾಡಿನಲ್ಲಿ ಎತ್ತಿದ ನೀರಿನ ಒಂದು ಪಾಲನ್ನು ಚರಂಡಿಗೂ ಬಿಡುತ್ತದೆ. ಬೇಡದ ಅಯಾನನ್ನಷ್ಟೇ, ಅಂದರೆ ವಿದ್ಯುದಾವೇಶ ಹೊತ್ತ ಫ್ಲೋರೈಡ್ ಕಣವನ್ನಷ್ಟೇ ಹಿಡಿದು, ನೀರನ್ನು ಉಳಿಸುವ ದಾರಿ ಇದೆಯೆ? ಇಂದಿನ ಮಾತು ಈ ಪ್ರಶ್ನೆಯ ಸುತ್ತ.

ಆ ದಾರಿಯ ಸುಳಿವು ಒಂದು ಬಗೆಯ ಪ್ಲಾಸ್ಟಿಕ್ಕಿನಲ್ಲಿದೆ. ಪ್ಲಾಸ್ಟಿಕ್ ಎಂದರೆ ಕರೆಂಟು ಹರಿಯದ ವಸ್ತು ಎಂದೇ ನಾವು ಕಲಿತದ್ದು. 1977ರಲ್ಲಿ ಶಿರಾಕಾವಾ, ಮ್ಯಾಕ್‌ಡಿಯರ್ಮಿಡ್, ಹೀಗರ್ ಎಂಬ ವಿಜ್ಞಾನಿಗಳು ಆ ಪಾಠವನ್ನು ತಿದ್ದಿದರು; ಕರೆಂಟು ಹರಿಯುವ ಪ್ಲಾಸ್ಟಿಕ್ಕೂ ಇದೆ ಎಂದು ತೋರಿಸಿದರು. 2000ದಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಅಂಥ ಪ್ಲಾಸ್ಟಿಕ್ಕುಗಳ ಬಳಗಕ್ಕೆ ಸೇರಿದ ಪಾಲಿಪಿರೋಲ್‍ನ ಪೊರೆಯನ್ನು ಲೋಹದ ತಗಡಿನ ಮೇಲೆ ಬೆಳೆಸಿ, ಉಪ್ಪುನೀರಿನಲ್ಲಿ ಅದ್ದಿ, ಧನ ವಿದ್ಯುತ್ ಕೊಡಿ. ಪೊರೆ ಎಲೆಕ್ಟ್ರಾನು ಕಳೆದುಕೊಂಡು ಧನಾವೇಶ ತಾಳುತ್ತದೆ. ಆವೇಶದ ಲೆಕ್ಕ ಸರಿದೂಗಲೇಬೇಕು. ಅದಕ್ಕೆ ನೀರಿನಲ್ಲಿದ್ದ ಋಣ ಅಯಾನುಗಳು ಪೊರೆಯೊಳಗೆ ನುಗ್ಗುತ್ತವೆ. ವಿದ್ಯುತ್ತನ್ನು ತಿರುಗಿಸಿದರೆ ಹೊರಬರುತ್ತವೆ.

ಇಲ್ಲೊಂದು ಸ್ವಾರಸ್ಯವಿದೆ. ಪೊರೆಯನ್ನು ಬೆಳೆಸುವಾಗಲೇ ಬಹಳ ದೊಡ್ಡ ಋಣ ಅಯಾನೊಂದನ್ನು ಒಳಗೆ ಸೇರಿಸಿದರೆ ಆಟವೇ ಬದಲಾಗುತ್ತದೆ. ರೊಪ್ಪದ ಸಂದಿಯಲ್ಲಿ ಕುರಿಮರಿ ನುಸುಳೀತು, ಕೋಣ ನುಸುಳದು. ದೊಡ್ಡದು ಹೊರಬರಲಾರದೆ ಉಳಿದಾಗ, ಲೆಕ್ಕ ಸರಿಪಡಿಸಲು ಸೋಡಿಯಂನಂಥ ಧನ ಅಯಾನು ಒಳಬರಬೇಕಾಗುತ್ತದೆ. ಯಾರು ಓಡಾಡಬೇಕು ಎಂಬುದನ್ನು ಒಳಗೆ ಸಿಕ್ಕಿಬಿದ್ದವರು ತೀರ್ಮಾನಿಸುತ್ತಾರೆ!

ಈ ಓಡಾಟ ಕಣ್ಣಿಗೆ ಕಾಣದು, ತೂಕಕ್ಕೆ ಸಿಗುತ್ತದೆ. ಕಂಪಿಸುವ ಕ್ವಾರ್ಟ್ಜ್ ಹರಳಿನ ಮೇಲೆ ಪೊರೆ ಬೆಳೆಸಿದರೆ, ಭಾರ ಏರಿದಂತೆ ಕಂಪನ ಇಳಿಯುತ್ತದೆ. ಈ ಲೆಕ್ಕವನ್ನು 1959ರಲ್ಲಿ ಸವರ್‌ಬ್ರೇ ಎಂಬ ವಿಜ್ಞಾನಿ ಕೊಟ್ಟ. ನ್ಯಾನೊಗ್ರಾಂ ವ್ಯತ್ಯಾಸವನ್ನೂ ತಿಳಿಸುವ ಈ ತಕ್ಕಡಿ ಇನ್ನೊಂದು ಗುಟ್ಟನ್ನು ಬಿಟ್ಟುಕೊಟ್ಟಿತು: ಅಯಾನು ಒಂಟಿಯಾಗಿ ಬರುವುದಿಲ್ಲ, ನೀರಿನ ಅಣುಗಳನ್ನೂ ಕರೆತರುತ್ತದೆ. ಪೊರೆ ಉಬ್ಬಿ ಕುಗ್ಗುವುದಕ್ಕೆ ಅದೂ ಒಂದು ಕಾರಣ.

ಹಾಗಾದರೆ ಫ್ಲೋರೈಡನ್ನು ಹೀಗೆ ಹಿಡಿಯಬಹುದೆ? ಅದೇ ಬಳಗದ ಇನ್ನೊಂದು ಪ್ಲಾಸ್ಟಿಕ್ಕಾದ ಪಾಲಿಅನಿಲಿನ್ ಪೊರೆಯಲ್ಲಿ ಪ್ರಯೋಗಗಳು ನಡೆದಿವೆ. ಅಡ್ಡಿಗಳೂ ಇವೆ. ಫ್ಲೋರೈಡ್ ಅಯಾನು ಚಿಕ್ಕದಾದರೂ ಸುತ್ತ ನೀರನ್ನು ಬಿಗಿಯಾಗಿ ಹೊದ್ದಿರುತ್ತದೆ. ಹೊದಿಕೆ ಸಡಿಲವಿರುವ ಕ್ಲೋರೈಡ್, ನೈಟ್ರೇಟ್ ಸುಲಭವಾಗಿ ಮುಂದೆ ನುಗ್ಗುತ್ತವೆ. ನಮ್ಮ ನೀರಿನಲ್ಲಿ ಅವು ಫ್ಲೋರೈಡಿಗಿಂತ ಎಷ್ಟೋ ಪಟ್ಟು ಹೆಚ್ಚು. ಪಾಲಿಅನಿಲಿನ್‌ಗೆ ಆಮ್ಲದಲ್ಲಿ ಇರುವ ಚುರುಕು ಕ್ಷಾರದಲ್ಲಿ ಇರುವುದಿಲ್ಲ. ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೇ ವಾಲಿರುತ್ತದೆ. ಸಾವಿರಾರು ಸಲ ಉಬ್ಬಿ ಕುಗ್ಗಿದ ಪೊರೆ ಬಿರುಕೂ ಬಿಡುತ್ತದೆ. ಆದ್ದರಿಂದ ನಾಳೆಯೇ ಊರಿಗೆ ಈ ಯಂತ್ರ ಬರುತ್ತದೆಂದು ನಾನು ಹೇಳಲಾರೆ.

ಆದರೆ ಕರೆಂಟಿಗೆ ಕೊರತೆ ಎನ್ನಲಾಗದು. ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ಬಿಸಿಲಿಗೂ ನೀರಿಗೂ ನಂಟು ಬೆಸೆಯುವ ಕೆಲಸ ಬಾಕಿ ಇದೆ.

ರಸಾಯನಶಾಸ್ತ್ರ ಓದುವ ಮಕ್ಕಳಲ್ಲಿ ಒಂದು ಕೋರಿಕೆ. ಶುದ್ಧ ನೀರಿಗೆ ಅಳೆದು ಉಪ್ಪು ಹಾಕಿದ ದ್ರಾವಣದಲ್ಲಿ ಯಾವ ಪೊರೆಯೂ ಚೆನ್ನಾಗಿಯೇ ಗೆಲ್ಲುತ್ತದೆ. ನೀವು ಪ್ರಯೋಗಕ್ಕೆ ಕೂತ ದಿನ ಬೀಕರಿಗೆ ನಿಮ್ಮೂರಿನ ಬೋರ್‌ವೆಲ್ ನೀರನ್ನೇ ಸುರಿಯಿರಿ. ಅದರಲ್ಲಿ ಗೆದ್ದದ್ದೇ ನಮಗೆ ಬೇಕಾದ ವಿಜ್ಞಾನ.