ದ್ವೀಪ ಕಾಣಲು ಹೋಗಿ ಹಡಗು ಕಂಡು ಬಂದೆವು

(ಕುಟುಂಬ ಸ್ನೇಹಕೂಟವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



‘ರಜೆ ಮತ್ತು ಕುಟುಂಬ’ ಎಂಬ ವಿಷಯದಲ್ಲಿ ಮಾತಾಡಬೇಕೆಂದು ಸಂಘಟಕರು ಕೇಳಿಕೊಂಡಾಗ, ಉಪದೇಶ ನೀಡುವುದಕ್ಕಿಂತ ನಾವು ಎಡವಿದ ಸಂಗತಿಯನ್ನು ಹೇಳಿಬಿಡುವುದೇ ಲೇಸೆಂದು ತೋಚಿತು. ಒಬ್ಬರು ಎಡವಿದ ಕಲ್ಲನ್ನು ಇನ್ನೊಬ್ಬರಿಗೆ ತೋರಿಸುವುದೂ ಒಂದು ಉಪಕಾರವೇ ಅಲ್ಲವೇ?

ಕಳೆದ ಬೇಸಗೆ ರಜೆಯಲ್ಲಿ ನಮ್ಮ ಕುಟುಂಬದ 9 ಮಂದಿ ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವ ವಿಹಾರ ನೌಕೆಯನ್ನೇರಿದೆವು. ಮಕ್ಕಳಿಗೆ ಹಡಗಿನ ಆಸೆ. 79 ವರ್ಷ ಪ್ರಾಯದ ನಮ್ಮ ತಂದೆಯವರಿಗೆ ದ್ವೀಪದ ಆಸೆ. ಅವರ ಆಸೆಗೆ ಕಾರಣವಿತ್ತು. ಅಮಿನಿ, ಕಡಮತ್, ಕಿಲ್ತಾನ್ ಮುಂತಾದ ಉತ್ತರದ ದ್ವೀಪಗಳು 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವೆಂಬುದು ಇಂದಿನ ಎಷ್ಟು ಮಂದಿಗೆ ಗೊತ್ತು? ಆ ವರ್ಷದ ನವೆಂಬರ್ 1ರಂದು ಅವು ಕೇಂದ್ರಾಡಳಿತ ಪ್ರದೇಶದ ಭಾಗವಾದವು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ. ಮಳೆಗಾಲ ಮುಗಿದೊಡನೆ ದ್ವೀಪದವರು ಹಾಯಿದೋಣಿಗಳಲ್ಲಿ ತೆಂಗಿನ ಹುರಿಹಗ್ಗ, ಕೊಬ್ಬರಿ ಹೇರಿಕೊಂಡು ಮಂಗಳೂರಿನ ಬಂದರಿಗೆ ಬರುತ್ತಿದ್ದರು. ಮರಳುವಾಗ ಅಕ್ಕಿ ಒಯ್ಯುತ್ತಿದ್ದರು. ಬಂದರಿನಲ್ಲಿ ನಮ್ಮ ಅಜ್ಜನವರ ಅಂಗಡಿಯಿತ್ತು. ಆ ದೋಣಿಯವರ ತೊಡೆಯ ಮೇಲೆ ಕುಳಿತು ಕಥೆ ಕೇಳಿದ ಬಾಲಕ ನಮ್ಮ ತಂದೆ. ಕಣ್ಣು ಮುಚ್ಚುವ ಮೊದಲು ಒಮ್ಮೆ ಆ ಮಣ್ಣಿನ ಮೇಲೆ ಕಾಲಿಡಬೇಕೆಂಬುದು ಅವರ ಹಂಬಲವಾಗಿತ್ತು.

ಪ್ರವಾಸದ ಏಜೆಂಟರು ಪರಕೀಯರಲ್ಲ. ಮದುವೆ, ಔತಣಗಳಲ್ಲಿ ನಮ್ಮ ಪಕ್ಕದಲ್ಲೇ ಕೂರುವವರು. “ತಲಾ 22 ಸಾವಿರ, ಎಲ್ಲವೂ ಅದರಲ್ಲೇ ಸೇರಿದೆ. ಕಡಮತ್‌ನಲ್ಲಿ ಇಡೀ ದಿನ ಕಳೆಯಬಹುದು. ಹಲಾಲ್ ಊಟದ ಚಿಂತೆಯೇ ಬೇಡ” ಎಂದರು. ನಾವು ನಂಬಿದೆವು. ಬಂದರು ಶುಲ್ಕ, ತೆರಿಗೆ, ಸೇವಾ ಶುಲ್ಕಗಳೆಲ್ಲ ಒಂದೊಂದಾಗಿ ಬಂದು ಕೂಡಿಕೊಂಡವು. ಮುಂಬೈಗೆ ಹೋಗಿಬರುವ ರೈಲಿನ ಖರ್ಚೂ ಸೇರಿ ಲೆಕ್ಕ 3 ಲಕ್ಷ ದಾಟಿತು. ನಮಗೆ ಸಿಕ್ಕಿದ ಕೋಣೆಗಳಿಗೆ ಕಿಟಕಿಯೇ ಇರಲಿಲ್ಲ. ಸಮುದ್ರದ ನಡುವೆ ಇದ್ದೂ ಸಮುದ್ರ ಕಾಣದ ಕೋಣೆ! ಮಾಂಸದ ಬಗ್ಗೆ ವಿಚಾರಿಸಿದಾಗ ಊಟದ ಸಾಲೆಯ ಹುಡುಗನಲ್ಲಿ ಖಚಿತವಾದ ಉತ್ತರವಿರಲಿಲ್ಲ. ನಾವು ಅನ್ನ, ದಾಲ್‌ಗಳಲ್ಲೇ ತೃಪ್ತರಾದೆವು. ಹಡಗು ದಡದಿಂದ ದೂರ ಸರಿದ ಮೇಲೆ ಜೂಜಿನ ಕೋಣೆ ತೆರೆಯಿತು. ಮಕ್ಕಳನ್ನು ಆ ಕಡೆ ಸುಳಿಯದಂತೆ ಕಾಯುವುದೇ ನಮ್ಮ ರಜೆಯ ಕೆಲಸವಾಯಿತು. ಒಟ್ಟಾಗಿರಲೆಂದು ಹೋದವರು ಮೂರು ರಾತ್ರಿಗಳಲ್ಲಿ ಒಂದು ಬಾರಿಯೂ ಒಂದೇ ಮೇಜಿನ ಸುತ್ತ ಕೂರಲಿಲ್ಲ.

ಇವೆಲ್ಲ ಸಣ್ಣ ಮಾತುಗಳು. ದೊಡ್ಡ ಮಾತು ಕಡಮತ್‌ನ ಮುಂದೆ ನಡೆಯಿತು. ಆ ದ್ವೀಪಗಳ ಸುತ್ತ ಹವಳದ ದಿಬ್ಬವಿದೆ. ದೊಡ್ಡ ಹಡಗು ಸಮೀಪ ಹೋಗುವಂತಿಲ್ಲ. ಹೊರಗಿನ ಆಳ ನೀರಿನಲ್ಲಿ ನಿಂತು, ಜನರನ್ನು ಸಣ್ಣ ದೋಣಿಗಳಿಗೆ ಇಳಿಸಬೇಕು. ಮೇ ತಿಂಗಳಲ್ಲಿ ಮುಂಗಾರಿಗೆ ಮೊದಲೇ ಕಡಲು ಏಳತೊಡಗುತ್ತದೆ. ಬೆಳಗ್ಗೆ ಧ್ವನಿವರ್ಧಕದಲ್ಲಿ ಘೋಷಣೆ ಬಂತು: ಅಲೆಗಳು ಹೆಚ್ಚಿರುವುದರಿಂದ ಯಾರನ್ನೂ ಇಳಿಸಲಾಗದು. ತಂದೆಯವರು ಕಂಬಿ ಹಿಡಿದು ನಿಂತಿದ್ದರು. ದೂರದಲ್ಲಿ ತೆಂಗಿನ ಮರಗಳ ಒಂದು ಗೆರೆ. ಹಡಗು ತಿರುಗುವವರೆಗೂ ಅವರು ಅಲ್ಲಿಂದ ಕದಲಲಿಲ್ಲ. “ತೆಂಗು ಕಂಡಿತಲ್ಲ, ಸಾಕು” ಎಂದಷ್ಟೇ ಹೇಳಿ ಕೋಣೆಗೆ ನಡೆದರು.

ಜನರು ಕೂಗಾಡಿದರು. ನಾವೂ ಕೂಗಾಡಿದೆವು. ಇಂದು ಯೋಚಿಸಿದರೆ ಕಪ್ತಾನನ ಮೇಲಿನ ನಮ್ಮ ಕೋಪ ಅನ್ಯಾಯದ್ದಾಗಿತ್ತು. 2012ರ ಜನವರಿಯಲ್ಲಿ ಇಟಲಿಯ ಜಿಲಿಯೋ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ವಿಹಾರ ನೌಕೆಯನ್ನು ಅದರ ಕಪ್ತಾನ ದಡಕ್ಕೆ ತೀರಾ ಸಮೀಪ ಒಯ್ದ. ಬಂಡೆಗೆ ಬಡಿದು ಅದು ಮಗುಚಿತು. 32 ಮಂದಿ ಪ್ರಾಣ ತೆತ್ತರು. 79ರ ವೃದ್ಧರನ್ನು ಅಲೆಯಲ್ಲಿ ಹೊಯ್ದಾಡುವ ದೋಣಿಗೆ ಇಳಿಸದ ಕಪ್ತಾನನಿಗೆ ನಾವು ಕೃತಜ್ಞರಾಗಿರಬೇಕಿತ್ತು.

ಹಾಗಾದರೆ ತಪ್ಪು ಯಾರದು? ಮೇ ತಿಂಗಳಲ್ಲಿ ಇಳಿಯಲಾಗದಿರಬಹುದೆಂದು ಮಾರುವವರು ಹೇಳಲಿಲ್ಲ. ಹವಾಮಾನ ನೋಡಿ ನಿಲುಗಡೆ ಕೈಬಿಡುವ ಹಕ್ಕು ಹಡಗಿಗಿದೆ, ಅದಕ್ಕೆ ಪರಿಹಾರವಿಲ್ಲ ಎಂಬ ಷರತ್ತು ಟಿಕೇಟಿನ ಜೊತೆಗಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿತ್ತು. ಅದನ್ನು ನಾವು ಓದಲಿಲ್ಲ. ಕೊನೆಗೆ ಆ ನಿಲುಗಡೆಯ ಬಂದರು ಶುಲ್ಕವಷ್ಟೇ ಹಿಂದೆ ಬಂತು. ಏಜೆಂಟರನ್ನು ಕೇಳಿದರೆ “ಸಮುದ್ರಕ್ಕೆ ನಾನೇನು ಮಾಡಲಿ?” ಎಂದರು.

ನಮ್ಮ ದೇಶದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿದೆ. ದಾರಿ ತಪ್ಪಿಸಿ ಸೇವೆ ಮಾರಿದವರ ವಿರುದ್ಧ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ 2 ವರ್ಷಗಳೊಳಗೆ ದೂರು ಕೊಡಬಹುದು. ನೀವು ತೆತ್ತ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. 1915 ಎಂಬ ಸಂಖ್ಯೆಗೆ ಕರೆ ಮಾಡಿದರೆ ಸಲಹೆಯೂ ಸಿಗುತ್ತದೆ. ಆದರೆ ನಮ್ಮ ಕೈಯಲ್ಲಿ ಪುರಾವೆ ಎಲ್ಲಿತ್ತು? ಎಲ್ಲವೂ ಬಾಯಿಮಾತು. ಬರೆದು ಕೊಡಿ ಎಂದರೆ “ನಂಬಿಕೆಯಿಲ್ಲವೇ?” ಎನ್ನುತ್ತಾರೆಂಬ ಸಂಕೋಚ. ಸೋದರರೇ, ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವುದರ ಕುರಿತಾಗಿದೆ. ಅದನ್ನು ಓದುವ ಸಮುದಾಯವೇ ಬರವಣಿಗೆಯನ್ನು ಅವಮಾನವೆಂದು ಭಾವಿಸುವುದು ವಿಚಿತ್ರವಲ್ಲವೇ? ಬರೆದಿಡುವುದು ಅಪನಂಬಿಕೆಯಲ್ಲ, ಅದು ಸ್ನೇಹದ ರಕ್ಷಣೆ. ಬರೆದಿಡದ ಕಾರಣ ನಾವು ಹಣದ ಜೊತೆಗೆ ಒಬ್ಬ ಪರಿಚಿತರನ್ನೂ ಕಳೆದುಕೊಂಡೆವು.

ನಮ್ಮ ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಡಗಿನ ಆಸೆ ಮಕ್ಕಳಿಗೆ ಹುಟ್ಟಿದ್ದು ಸಂಬಂಧಿಕರ ಮೊಬೈಲ್ ಚಿತ್ರಗಳಿಂದ. ಕಿಟಕಿಯಿಲ್ಲದ ಕೋಣೆ ಆ ಚಿತ್ರಗಳಲ್ಲಿರಲಿಲ್ಲ. ನಾವೇನು ಮಾಡಿದೆವು? ದ್ವೀಪ ಕೈತಪ್ಪಿದ ಅದೇ ಸಂಜೆ ಮೇಲ್ಛಾವಣಿಯಲ್ಲಿ ನಗುತ್ತಾ ನಿಂತು ಚಿತ್ರ ತೆಗೆದು ಊರಿಗೆಲ್ಲ ಕಳಿಸಿದೆವು. ತಂದೆಯವರು ಆ ಚಿತ್ರದಲ್ಲಿಲ್ಲ. ಅದನ್ನು ಕಂಡು ಎರಡು ಮನೆಯವರು ಟಿಕೇಟಿನ ಬೆಲೆ ವಿಚಾರಿಸಿದರು. ಮೋಸಹೋದವರು ನಗುಮುಖದಿಂದ ಮುಂದಿನವರನ್ನು ಕರೆಯುವುದೆಂದರೆ ಮೋಸದಲ್ಲಿ ಪಾಲು ಪಡೆದಂತೆ. ಅವರಿಬ್ಬರಿಗೂ ಆಮೇಲೆ ಸತ್ಯ ಹೇಳಿದೆವು. ನಾಚಿಕೆಯಾಯಿತು, ಆದರೆ ಮನಸ್ಸು ಹಗುರಾಯಿತು.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ತಂದೆಯವರನ್ನು ಮಂಗಳೂರಿನ ಹಳೆಯ ಬಂದರಿಗೆ ಕರೆದುಕೊಂಡು ಹೋದೆವು. ಈಗಲೂ ಅಲ್ಲಿಂದ ಲಕ್ಷದ್ವೀಪಕ್ಕೆ ಮಂಜಿಗಳು ಸರಕು ಒಯ್ಯುತ್ತವೆ. ತರಕಾರಿ ಚೀಲ, ಸಿಮೆಂಟು ತುಂಬಿಸುತ್ತಿದ್ದ ದ್ವೀಪದ ಒಬ್ಬ ಕೆಲಸಗಾರನೊಂದಿಗೆ ಅವರು ಒಂದು ತಾಸು ಮಲಯಾಳದಲ್ಲಿ ಮಾತಾಡಿದರು. ಮಕ್ಕಳು ಮೊಬೈಲ್ ಬದಿಗಿಟ್ಟು ಸುತ್ತ ನಿಂತರು. ಅಜ್ಜನ ಬಾಲ್ಯವನ್ನು ಅವರು ಕೇಳಿದ್ದು ಅಂದೇ ಮೊದಲು. ಖರ್ಚು ಚಹಾದ್ದು ಮಾತ್ರ. ಇದರಿಂದ ದ್ವೀಪದ ಋಣ ತೀರಿತೆಂದು ನಾವು ಹೇಳುವುದಿಲ್ಲ. ಕಡಲು ಶಾಂತವಿರುವ ಕಾಲ ನೋಡಿ, ಕಾಗದಗಳನ್ನೆಲ್ಲ ಓದಿ, ಅವರನ್ನು ಕರೆದೊಯ್ಯಬೇಕೆಂದಿದ್ದೇವೆ.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಪ್ರವಾಸ ಹೋಗಿ, ಮನೆಮಂದಿಯನ್ನು ಸಂತೋಷಪಡಿಸಿ. ಆದರೆ ಯಾರ ಆಸೆಗಾಗಿ ಹೋಗುತ್ತಿದ್ದೇವೆಂದು ಮೊದಲು ಮನೆಯಲ್ಲಿ ಕುಳಿತು ಮಾತಾಡಿ. ಕಾಲ ಯಾವುದು, ಬೆಲೆಯಲ್ಲಿ ಏನು ಸೇರಿದೆ, ಹೋಗಲಾಗದಿದ್ದರೆ ಹಣವೇನಾಗುತ್ತದೆ ಎಂಬ ಮೂರನ್ನು ಬರೆಸಿಕೊಳ್ಳಿ. ಮರಳಿ ಬಂದ ಮೇಲೆ ಕೇಳಿದವರಿಗೆ ಇದ್ದುದನ್ನು ಇದ್ದಂತೆ ಹೇಳಿ. ನಮ್ಮ 3 ಲಕ್ಷ ನಿಮ್ಮಲ್ಲಿ ಒಂದು ಮನೆಯನ್ನಾದರೂ ಎಚ್ಚರಿಸಿದರೆ ಅದು ಪೂರ್ತಿ ನೀರುಪಾಲಾಗಲಿಲ್ಲವೆಂದು ಭಾವಿಸುವೆವು.