ಹಲ್ಲು ಬರುವ ಮಗು, 20ನೇ ತಾರೀಕಿನ ಕೆಲಸ

ಕೋಟದಿಂದ ಮಾತಾಡ್ತಿದ್ದೇನೆ. ಹಿಂದೆ ಕುಕ್ಕರ್ ಸೀಟಿ ಕೇಳಿಸಿದ್ರೆ, ಮಗು ಮರ್ಕಿದ್ದು ಕೇಳಿಸಿದ್ರೆ ಈ ಸಲ ಎಡಿಟ್ ಮಾಡೋದಿಲ್ಲ. ಇವತ್ತಿನ ವಿಷಯವೇ ಅದು. ಹೊಸ ಕೆಲಸ ಒಂದು ಕಡೆ, ಹಲ್ಲು ಬರ್ತಿರೋ ಮಗು ಇನ್ನೊಂದು ಕಡೆ.

ನನ್ನ ಕಥೆ ಚುಟುಕಾಗಿ ಹೇಳ್ತೇನೆ. ನಾನು ಬಿ.ಕಾಂ. ಮಗಳಿಗೆ ಈಗ ಎಂಟು ತಿಂಗಳು. ಗಂಡ ಬೆಂಗಳೂರಲ್ಲಿ ಹೋಟೆಲ್ ಕೆಲಸದಲ್ಲಿದ್ದಾರೆ, ನಾನು ಇಲ್ಲಿ ಅಮ್ಮನ ಮನೆಯಲ್ಲಿ. ಎರಡು ತಿಂಗಳ ಹಿಂದೆ ಒಂದು ಸಣ್ಣ ಟ್ಯಾಕ್ಸ್ ಆಫೀಸಿಗೆ ಮನೆಯಿಂದಲೇ ಕೆಲಸ ಮಾಡೋಕೆ ಸೇರಿದೆ. ಅಂಗಡಿಯವರದ್ದು, ಹೋಟೆಲಿನವರದ್ದು ಜಿಎಸ್‌ಟಿ ರಿಟರ್ನ್ ಹಾಕೋದು. ಈ ಕೆಲಸದಲ್ಲಿ ತಿಂಗಳಿಗೆ ಎರಡು ತಾರೀಕು ಮುಖ್ಯ: 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ. ತಪ್ಪಿದ್ರೆ ಕ್ಲೈಂಟ್‌ಗೆ ದಿನಕ್ಕೆ 50 ರೂಪಾಯಿ ಲೇಟ್ ಫೀ. ಮೂರು ತಿಂಗಳ ಪ್ರೊಬೇಷನ್ ಮುಗಿಯೋಕೆ ನನಗಿನ್ನೂ ಒಂದು ತಿಂಗಳಿದೆ.

ಊರಲ್ಲಿ ಎಲ್ಲರದ್ದೂ ಒಂದೇ ಮಾತು. "ಈಗ ಎಂತಕ್ಕೆ ಕೆಲ್ಸ? ಹಲ್ಲೆಲ್ಲ ಬಂದ್ ಮುಗೀಲಿ." ಸರಿ, ಯಾವಾಗ ಮುಗಿಯತ್ತೆ ಅಂತ ಲೆಕ್ಕ ಹಾಕಿದೆ.

ಹಾಲುಹಲ್ಲು ಒಟ್ಟು 20. ಮೊದಲನೆಯದು ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿಗೆ, ಕೆಳಗಡೆ ಎದುರಿಗೆ ಬರತ್ತೆ. ಎಲ್ಲ ಬಂದು ಮುಗಿಯೋದು ಮೂರು ವರ್ಷದ ಹೊತ್ತಿಗೆ. ಅಂದ್ರೆ ಸುಮಾರು 900 ದಿನ. ಅಷ್ಟು ದಿನ ಕೆಲಸ ಬಿಟ್ಟು ಕೂತ್ರೆ ವಾಪಸ್ ಕರೆಯೋರು ಯಾರು?

ಆದ್ರೆ 900 ದಿನವೂ ಮಗು ಕಿರಿಕಿರಿ ಮಾಡತ್ತಾ? ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್‌ನ ವೈದ್ಯರು 125 ಮಕ್ಕಳನ್ನು ಗಮನಿಸಿ 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಒಂದು ಹಲ್ಲಿನ ತೊಂದರೆ ಹೆಚ್ಚಂದ್ರೆ ಎಂಟು ದಿನ: ಹಲ್ಲು ಮೂಡೋ ಮುಂಚೆ ನಾಲ್ಕು, ಮೂಡಿದ ದಿನ, ಆಮೇಲೆ ಮೂರು. 20 ಹಲ್ಲೂ ಬೇರೆ ಬೇರೆ ಬಂದ್ರೂ 160 ದಿನ. ಎಡಬಲದ ಜೋಡಿ ಹಲ್ಲು ಒಟ್ಟೊಟ್ಟಿಗೆ ಬಂದ್ರೆ 80 ದಿನ. ತೀರಾ ಕೆಟ್ಟ ಲೆಕ್ಕದಲ್ಲೂ ಐದು ದಿನಕ್ಕೆ ಒಂದಕ್ಕಿಂತ ಕಡಿಮೆ. ಕೆಲಸ ಬಿಡೋಕೆ ಇದು ಕಾರಣ ಆಗಲ್ಲ ಅಂತ ನನಗೆ ಅನ್ನಿಸಿತು.

ತೊಡಕಿರೋದು ಬೇರೆ ಕಡೆ. ಹಲ್ಲು ಯಾವತ್ತು ಮೂಡತ್ತೆ ಅಂತ ಯಾವ ಲಕ್ಷಣದಿಂದಲೂ ಖಚಿತವಾಗಿ ಮುಂಚೆ ಹೇಳೋಕಾಗಲ್ಲ ಅನ್ನೋದೂ ಅದೇ ಅಧ್ಯಯನದಲ್ಲಿತ್ತು. ಜಿಎಸ್‌ಟಿಗೆ ತಾರೀಕು ಇದೆ, ಹಲ್ಲಿಗೆ ಇಲ್ಲ. ಹಾಗಾಗಿ ನಾನು ಬದಲಾಯಿಸಬಹುದಾದದ್ದು ಜಿಎಸ್‌ಟಿ ಕಡೆಯನ್ನು ಮಾತ್ರ. ಈಗ 20ರ ಕೆಲಸಕ್ಕೆ ನನ್ನದೇ ಗಡುವು 15. ಬಿಲ್ ಕೊಡದ ಕ್ಲೈಂಟ್‌ಗೆ 5ರಿಂದಲೇ ಫೋನ್. ಐದು ದಿನ ಖಾಲಿ ಇಟ್ಟುಕೊಳ್ಳೋದು, ಅಷ್ಟೇ.

ಈಗ ಮುಖ್ಯ ವಿಷಯ, ಜ್ವರ. ಕಳೆದ ತಿಂಗಳು 18ರ ರಾತ್ರಿ ಮಗಳ ಮೈ ಸುಡ್ತಿತ್ತು, 101 ಡಿಗ್ರಿ ದಾಟಿತ್ತು. "ಹಲ್ ಬಪ್ದಲ್ದಾ, ಹಾಂಗಾಯ್ ಜ್ವರ, ಎಂತದೂ ಆಪ್ದಿಲ್ಲ" ಅಂದ್ರು ಪಕ್ಕದ ಮನೆಯವರು. ಬೆಳಿಗ್ಗೆ ಡಾಕ್ಟರ್ ಹತ್ರ ಕರ್ಕೊಂಡು ಹೋದ್ವಿ. ಹಲ್ಲಲ್ಲ, ಕಿವಿಯ ಸೋಂಕು. ಹಲ್ಲು ಬರುವಾಗ ಮೈ ಸ್ವಲ್ಪ ಬೆಚ್ಚಗಾಗಬಹುದು. 100.4 ಫ್ಯಾರನ್‌ಹೀಟ್, ಅಂದ್ರೆ 38 ಸೆಲ್ಸಿಯಸ್ ಮುಟ್ಟಿದ್ರೆ ಅದನ್ನು ಹಲ್ಲಿನ ತಲೆಗೆ ಕಟ್ಟಬೇಡಿ. ಭೇದಿಯೂ ಅಷ್ಟೇ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಡೆಂಗಿ, ಮಲೇರಿಯಾ ಎಲ್ಲ ಇರುವಾಗ ಇದು ಸಣ್ಣ ವಿಷಯ ಅಲ್ಲ.

ಇನ್ನೆರಡು ಮಾತು. ವಸಡಿಗೆ ಹಚ್ಚೋ ಮರಗಟ್ಟಿಸುವ ಜೆಲ್ ಇದೆಯಲ್ಲ, ಬೆಂಜೋಕೇನ್ ಇರೋದು, ಅದನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಬಳಸಬೇಡಿ ಅಂತ ಅಮೆರಿಕದ ಎಫ್‌ಡಿಎ 2018ರಲ್ಲಿ ಎಚ್ಚರಿಸಿದೆ. ರಕ್ತ ಆಮ್ಲಜನಕ ಒಯ್ಯೋದಕ್ಕೇ ಅದು ಅಡ್ಡಿ ಮಾಡಬಹುದು. ಬಜೆಯ ಜೊತೆ ಜೇನು ನೆಕ್ಕಿಸೋ ಪದ್ಧತಿ ಇರೋ ಮನೆಯಲ್ಲಿ, ಒಂದು ವರ್ಷದೊಳಗೆ ಜೇನು ಬೇಡ. ತೊಳೆದ ಬೆರಳಿಂದ ವಸಡು ಉಜ್ಜೋದು, ಫ್ರಿಜ್ಜಲ್ಲಿಟ್ಟ ಒದ್ದೆ ಬಟ್ಟೆ ಕಚ್ಚೋಕೆ ಕೊಡೋದು ಸಾಕು. ನಮ್ಮನೆಯಲ್ಲಿ ರಾಗಿ ಮಣ್ಣಿಯನ್ನು ತಣ್ಣಗೆ ಮಾಡಿ ಕೊಟ್ರೆ ತಿಂತಾಳೆ.

ಆ 19ಕ್ಕೆ ಆಫೀಸಿಗೆ ಫೋನ್ ಮಾಡಿ ಮಗು ಹುಷಾರಿಲ್ಲ ಅಂದೆ. "ಮಗುವಿಗೆ ಹಲ್ಲು ಬರೋದು ಕ್ಲೈಂಟ್‌ಗೆ ಗೊತ್ತಾಗಬಾರದು" ಅಂತ ಉತ್ತರ ಬಂತು. ನನ್ನ ಮುಕ್ಕಾಲು ಕೆಲಸ ಆಗಲೇ ಮುಗಿದಿತ್ತು, ಉಳಿದದ್ದನ್ನು ರಾತ್ರಿ ಕೂತು ಮುಗಿಸಿದೆ. ಆದ್ರೆ ಆ ಮಾತು ಮರೆತಿಲ್ಲ.

ಕಾನೂನು ಏನು ಹೇಳತ್ತೆ? 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರ ಆಯ್ತು. ಕಾಣಿ, 26 ವಾರ ಅಂದ್ರೆ ಆರು ತಿಂಗಳು. ರಜೆ ಮುಗಿಯೋದೂ ಮೊದಲ ಹಲ್ಲು ಬರೋದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ! ವಾಪಸ್ ಹೋದವರಿಗೆ ಮಗುವಿಗೆ 15 ತಿಂಗಳಾಗೋ ತನಕ ಹಾಲೂಡಿಸೋಕೆ ದಿನಕ್ಕೆ ಎರಡು ಬಿಡುವು ಇದೆ. 50 ಅಥವಾ ಅದಕ್ಕಿಂತ ಹೆಚ್ಚು ಜನರಿರೋ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಬಹುದು. ನಮ್ಮ ಆಫೀಸಲ್ಲಿರೋದು ಆರೇ ಜನ, ನಾನು ಸೇರಿದ್ದೂ ಹೆರಿಗೆ ಆದ ಮೇಲೆ. ನನಗೆ ಇದ್ಯಾವುದೂ ಸಿಗಲ್ಲ. ನಿಮಗೆ ಸಿಗಬಹುದು, ಕೇಳಿ. ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ ಮಕ್ಕಳಿಗೆ ಅಂತ ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿತು. ನಿಮ್ಮ ಪಂಚಾಯಿತಿಯಲ್ಲಿ ಇದೆಯಾ ಅಂತ ವಿಚಾರಿಸಿ.

ಅಪ್ಪಂದಿರಿಗೆ? ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ. ಖಾಸಗಿಯವರಿಗೆ ಕಾನೂನಲ್ಲಿ ಒಂದು ದಿನವೂ ಇಲ್ಲ. ನನ್ನ ಗಂಡ ಈಗ ತಿಂಗಳ ರಜೆಯನ್ನು ಹಬ್ಬಕ್ಕೆ ಉಳಿಸೋದು ಬಿಟ್ಟು 18ರಿಂದ 20ಕ್ಕೆ ಹಾಕ್ಕೊಂಡಿದ್ದಾರೆ. ರಾತ್ರಿ ಬಸ್ಸಲ್ಲಿ ಬಂದು ಆ ಎರಡು ರಾತ್ರಿ ಮಗು ಅವರ ಹತ್ರ.

ಇನ್ನು ಅಮ್ಮ. ನಮ್ಮೂರ ಅಮೃತೇಶ್ವರಿಯನ್ನು ‘ಹಲವು ಮಕ್ಕಳ ತಾಯಿ’ ಅಂತಾರೆ. ನಮ್ಮ ಮನೆಯಲ್ಲಿ ಲೆಕ್ಕ ಉಲ್ಟಾ, ಒಂದು ಮಗುವಿಗೆ ಹಲವು ತಾಯಂದಿರು ಬೇಕು. ಬೆಳಿಗ್ಗೆ ಒಂಬತ್ತರಿಂದ ಒಂದು ಗಂಟೆ ಅಮ್ಮ ನೋಡ್ಕೊಳ್ತಾರೆ. ಮಂಡಿನೋವು ಇಟ್ಕೊಂಡು. ಮಧ್ಯಾಹ್ನದ ಮೇಲೆ ಅವರ ಹೊತ್ತು ಅವರದ್ದೇ. ನನ್ನ ಸಂಬಳದಿಂದ ತಿಂಗಳಿಗೆ 3,000 ಅವರ ಹೆಸರಿನ ಪೋಸ್ಟ್ ಆಫೀಸ್ ಆರ್‌ಡಿಗೆ ಹೋಗತ್ತೆ. "ಮಗಳ ಹತ್ರ ದುಡ್ಡ್ ತಕಂಬುದಾ?" ಅಂತ ಬೈದ್ರು. ನಾನು ಹೇಳಿದೆ, ಅಮ್ಮ, ಖರ್ಚು ತೋರಿಸದೆ ಲಾಭ ತೋರಿಸಿದ್ರೆ ಅದು ಸುಳ್ಳು ಲೆಕ್ಕ.

ಮುಂದಿನ ತಿಂಗಳು ಪ್ರೊಬೇಷನ್ ಮಾತುಕತೆ. ಎರಡೇ ವಿಷಯ ಕೇಳ್ತೇನೆ, ಬರವಣಿಗೆಯಲ್ಲಿ: ಕ್ಲೈಂಟ್ ಬಿಲ್ ಕೊಡೋಕೆ 10ನೇ ತಾರೀಕಿನ ಗಡುವು, ಮತ್ತೆ ತುರ್ತಿಗೆ ನನ್ನ ಫೈಲ್ ನೋಡೋಕೆ ಇನ್ನೊಬ್ಬರು. ಕೊಟ್ರೆ ಇರ್ತೇನೆ. ಇಲ್ಲ ಅಂದ್ರೆ ಬೇರೆ ಆಫೀಸ್ ಹುಡುಕ್ತೇನೆ, ಕೆಲಸ ಮಾಡೋದಂತೂ ಬಿಡಲ್ಲ.

ನಿಮ್ಮನೆಯಲ್ಲಿ ಇದನ್ನು ಹೇಗೆ ನಡೆಸಿದ್ರಿ? ವಾಯ್ಸ್ ಮೆಸೇಜ್ ಕಳಿಸಿ, ಅಪ್ಪಂದಿರೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೇನೆ. ಬರ್ತೇನೆ ಹಾಂಗಾರೆ.